ಅಡುಗೆಯವರ ಪಾಲಿಗೆ ಬಂದ ನರಕ

ಥಾರ್ನ್‌ಕಾಸ್ಟರ್ ಊರಿನ ಶಾಲೆಗೆ ಹೊಸದಾಗಿ ಬಂದಿದ್ದ ಲ್ಯಾಂಬರ್ಟ್ ಮೇಷ್ಟ್ರು ಜರ್ವಿಸ್ ಹಾಲ್ಡನ್ನನನ್ನು ಮೊದಲು ಕಂಡದ್ದು ಜೂನ್ ತಿಂಗಳ ಹಬ್ಬದ ಬೆಳಿಗ್ಗೆ. ಶಾಲೆಯ ಮೆಟ್ಟಿಲ ಮೇಲೆ ಸೈತಾನನೊಬ್ಬ ಕುಳಿತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ತಲೆಗೆ ಟಗರಿನ ಕೊಂಬು, ಮುಖಕ್ಕೆ ಬಾಣಲೆಯ ಮಸಿ, ಹಿಂದೆ ಎತ್ತಿನ ಬಾಲ. ಬಾಲಕ್ಕೆ ಧೂಳು ಹತ್ತಬಾರದೆಂದು ಅದನ್ನು ಜೋಪಾನವಾಗಿ ಮಡಿಲಲ್ಲಿ ಸುತ್ತಿಟ್ಟುಕೊಂಡಿದ್ದ.

"ಯಾರಪ್ಪಾ ನೀನು?" ಎಂದರು ಮೇಷ್ಟ್ರು, ಒಂದು ಹೆಜ್ಜೆ ಹಿಂದೆ ಸರಿದು.

"ಸೈತಾನ, ಸ್ವಾಮಿ. ಅಡುಗೆಯವರ ಸಂಘದವನು."

"ಇಲ್ಲೇನು ಮಾಡ್ತಾ ಇದ್ದೀಯ?"

"ದೇವರಿಗೆ ಕಾಯ್ತಾ ಇದೀನಿ. ಅವನ ಮುಖಕ್ಕೆ ಇನ್ನೂ ಚಿನ್ನದ ಬಣ್ಣ ಬಳೀತಾ ಇದಾರೆ. ವರ್ಷಾ ವರ್ಷಾ ಇದೇ ಗೋಳು. ಲೋಕ ಹುಟ್ಟಿಸೋಕೆ ಆರು ದಿನ ಸಾಕಾಯ್ತಂತೆ, ಈ ಮಹಾರಾಯನ ಕೆನ್ನೆಗೆ ಬಣ್ಣ ಹತ್ತೋಕೆ ಅರ್ಧ ದಿನ ಬೇಕು. ಒಂದು ತುಂಡು ಬ್ರೆಡ್ ತಗೊಳ್ಳಿ."

ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ರೋಮಿನ ನಾಟಕಗಳನ್ನು ಉರುಹೊಡೆದು ಬಂದಿದ್ದ ಮೇಷ್ಟ್ರು, ನಾಟಕವೆಂದರೆ ಐದು ಅಂಕ, ಒಂದು ಸ್ಥಳ, ಒಂದು ದಿನ ಎಂದು ನಂಬಿದ್ದವರು. ಅಂದು ಬೆಳಗಿನಿಂದ ಸಂಜೆಯವರೆಗೆ ಬೀದಿಯ ತಿರುವಿನಲ್ಲಿ ನಿಂತು, ಒಂದರ ಹಿಂದೊಂದು ಬಂಡಿಯ ಮೇಲೆ ಲೋಕದ ಹುಟ್ಟಿನಿಂದ ಲೋಕದ ಕೊನೆಯವರೆಗೆ ಎಲ್ಲವೂ ಗಡಗಡ ಸದ್ದು ಮಾಡುತ್ತ ಬಂದು ಹೋದುದನ್ನು ನೋಡಿದರು. ಅಂಕಗಳನ್ನು ಎಣಿಸುವ ಆಸೆಯನ್ನು ಮಧ್ಯಾಹ್ನದ ಹೊತ್ತಿಗೆ ಕೈಬಿಟ್ಟರು.

ಊರಿನ ಹಿರಿಯರು ಈ ಬಂಡಿಗಳನ್ನು ಕಸುಬಿಗೆ ತಕ್ಕಂತೆ ಹಂಚಿದ್ದರು. ದೋಣಿ ಕಟ್ಟುವವರಿಗೆ ನೋಹನ ಹಡಗು. ಮೊಳೆ ಮಾಡುವವರಿಗೆ ಶಿಲುಬೆ. ಮೊಳೆ ಹೊಡೆಯುವಾಗ ಅವರು ತಮ್ಮ ಮಾಲನ್ನು ಸ್ವಲ್ಪ ಹೆಚ್ಚು ಹೊತ್ತು ಎತ್ತಿ ಹಿಡಿದು ಜನಕ್ಕೆ ತೋರಿಸುತ್ತಿದ್ದರೆಂಬ ಮಾತು ಬೇರೆ. ನರಕ ಮಾತ್ರ ಅಡುಗೆಯವರ ಪಾಲಿಗೆ ಬಂದಿತ್ತು. ಬೆಂಕಿ ಅವರದು, ಹೊಗೆ ಅವರದು, ಕೊಪ್ಪರಿಗೆಗಳೂ ಅವರವೇ. ಬೇಯಿಸಿದ್ದು ಕೆಟ್ಟರೆ ಜನ ಹಾಕುವ ಶಾಪವೂ ಅಭ್ಯಾಸವಾಗಿತ್ತು. ಇವರಿಗಿಂತ ಅರ್ಹರು ಯಾರಿದ್ದರು?

ಜರ್ವಿಸ್ ಹಿಟ್ಟಿನೊಳಗೆ ಕುರಿಮಾಂಸ ತುಂಬಿ ಬೇಯಿಸಿದ ಪೈ ಮಾರುವವನು. ಅವನ ಅಪ್ಪ, ಅಜ್ಜ ಎಲ್ಲರೂ ಸೈತಾನರೇ. ನಾಟಕ ಹುಟ್ಟಿದ್ದು ಚರ್ಚಿನ ಒಳಗೇ ಎಂದು ಅಜ್ಜ ಹೇಳುತ್ತಿದ್ದುದನ್ನು ಅವನು ಪೈ ಕೊಳ್ಳುವವರಿಗೆಲ್ಲ ಪುಕ್ಕಟೆಯಾಗಿ ಬಡಿಸುತ್ತಿದ್ದ. ಹಿಂದೆಂದೋ ಈಸ್ಟರ್ ಬೆಳಿಗ್ಗೆ ಮೂವರು ಪಾದ್ರಿಗಳು ತಲೆಯ ಮೇಲೆ ಬಿಳಿಯ ಬಟ್ಟೆ ಹೊದ್ದು ಮೂವರು ಹೆಂಗಸರಾಗಿ, ಕ್ರಿಸ್ತನ ಸಮಾಧಿಯ ಬಳಿ ಲ್ಯಾಟಿನ್ನಿನಲ್ಲಿ ನಾಲ್ಕು ಮಾತು ಹಾಡಿದರಂತೆ. ಜನಕ್ಕೆ ಒಂದಕ್ಷರ ತಿಳಿಯದಿದ್ದರೂ ಕಣ್ಣೀರು ಬಂತಂತೆ. ಮರುವರ್ಷ ಹೆಂಗಸರಿಗೆ ಸುಗಂಧ ಮಾರುವ ವ್ಯಾಪಾರಿಯೊಬ್ಬನನ್ನು ಸೇರಿಸಿದರು. ಅವನು ತೂಕದಲ್ಲಿ ಮೋಸ ಮಾಡಿದ; ಜನ ನಕ್ಕರು. ಚರ್ಚಿನೊಳಗೆ ಅಳಬಹುದಿತ್ತೇ ಹೊರತು ನಗುವಂತಿರಲಿಲ್ಲ. ಹಾಗಾಗಿ ನಾಟಕವನ್ನು ಅಂಗಳಕ್ಕೆ ದಬ್ಬಿದರು. ಅಂಗಳದಲ್ಲಿ ಜನ ಗೋರಿಗಳ ಮೇಲೆ ಹತ್ತಿ ನಿಂತರು. ಅಲ್ಲಿಂದ ಬೀದಿಗೆ ದಬ್ಬಿದರು. "ಬೀದೀಲಿ ನಾವಿದ್ವಿ, ಎತ್ಕೊಂಡು ಸಾಕಿದ್ವಿ. ದೊಡ್ಡವರು ಹೆತ್ತಿದ್ದನ್ನ ಸಾಕೋದು ಯಾವತ್ತೂ ನಮ್ಮಂಥವರೇ ತಾನೆ?" ಎಂದು ಜರ್ವಿಸ್ ಮಾತು ಮುಗಿಸುತ್ತಿದ್ದ.

ಅಜ್ಜ ಬಿಟ್ಟುಹೋದ ಆಸ್ತಿಯೆಂದರೆ ನರಕದ ಬಾಯಿ. ಬೆತ್ತದ ಹಂದರಕ್ಕೆ ಕ್ಯಾನ್ವಾಸು ಹೊದಿಸಿ, ಕೆಂಪು ಬಳಿದು, ಹಲ್ಲು ಜೋಡಿಸಿದ ಭಾರಿ ಮೃಗದ ತಲೆ. ಹಗ್ಗ ಎಳೆದರೆ ದವಡೆ ತೆರೆಯಬೇಕು, ಒಳಗಿನಿಂದ ಹೊಗೆ ಬರಬೇಕು. ಆದರೆ ಅಜ್ಜ ಅಳತೆ ತಪ್ಪಿದ್ದ. ಎಡಗಡೆಯ ಹಗ್ಗ ಗೇಣುದ್ದ ಗಿಡ್ಡ. ಅದನ್ನು ಎಳೆಯುವಾಗಲೇ ಬಲಗಾಲಿನಿಂದ ದವಡೆಯ ಸಂದಿಗೆ ಒದೆಯದಿದ್ದರೆ ಬಾಯಿ ಅರ್ಧಕ್ಕೆ ನಿಂತುಬಿಡುತ್ತಿತ್ತು. ಮೂರು ತಲೆಮಾರಿನ ಸೈತಾನರು ಮಾತಾಡುತ್ತಲೇ ಎಳೆದು, ಎಳೆಯುತ್ತಲೇ ಒದ್ದಿದ್ದರು. ಅದನ್ನು ಸೈತಾನನ ಸಿಟ್ಟೆಂದು ತಿಳಿದ ಜನ, ಹಾಲ್ಡನ್ನರ ಮನೆಯವರು ಒದೆಯುವ ಹಾಗೆ ಯಾರೂ ಒದೆಯಲಾರರು ಎಂದು ಹೊಗಳುತ್ತಿದ್ದರು.

ಆಟದ ಕಥೆ ಎಲ್ಲರಿಗೂ ಗೊತ್ತು. ಸತ್ತವರೆಲ್ಲ ಆದಮನಿಂದ ಮೊದಲುಗೊಂಡು ನರಕದಲ್ಲಿ ಕಾಯುತ್ತಿರುತ್ತಾರೆ. ಕ್ರಿಸ್ತ ಬಂದು ಕೋಲಿನಿಂದ ಆ ದವಡೆಯ ಬಾಗಿಲು ಬಡಿಯುತ್ತಾನೆ. ಸೈತಾನ ಬಾಯಿಗೆ ಬಂದಂತೆ ಬಯ್ಯುತ್ತಾನೆ, ಬಾಗಿಲು ಮುರಿಯುತ್ತದೆ, ಸೈತಾನ ಉರುಳಿ ಬೀಳುತ್ತಾನೆ, ಎಲ್ಲರೂ ಹೊರಗೆ ಬರುತ್ತಾರೆ. ಆ ಕ್ರಿಸ್ತ, ಅಂದರೆ ಚಿನ್ನದ ಮುಖದ ದೇವರು, ಆಗುತ್ತಿದ್ದವನು ಬಾರ್ಟಲ್ ಕ್ರೇನ್. ಬಟಾಣಿ ಬೇಯಿಸಿ ಮಾರುವ ಸಾಧು ಮನುಷ್ಯ. ಹೆಂಡತಿ ಗದರಿದರೆ ನಡುಗುವವನು, ವರ್ಷದಲ್ಲಿ ಒಂದು ದಿನ ನರಕದ ಬಾಗಿಲು ಮುರಿಯುತ್ತಿದ್ದ.

"ನಿಂಗೇನಪ್ಪ, ಗೆಲ್ಲೋ ಪಾತ್ರ," ಎಂದು ಜರ್ವಿಸ್ ಅವನನ್ನು ಕೆಣಕುತ್ತಿದ್ದ. "ಗೆಲ್ಲೋದು ಯಾರು ಬೇಕಾದ್ರೂ ಗೆಲ್ತಾರೆ. ಮೂರು ಮಾರು ಮೇಲಿಂದ ಬೆನ್ನ ಮೇಲೆ ಬಿದ್ದು, ಬಾಲ ಮುರೀದೆ ಸೋಲೋದಿದೆ ನೋಡು, ಅದು ವಿದ್ಯೆ."

"ಬೀಳೋವಾಗ ಸ್ವಲ್ಪ ಮೆತ್ತಗೆ ಬೀಳೋ," ಎನ್ನುತ್ತಿದ್ದ ಬಾರ್ಟಲ್. "ನೋಡಿದ್ರೆ ಪಾಪ ಅನ್ಸತ್ತೆ."

"ದೇವರಿಗೆ ಪಾಪ ಅನ್ಸಬಾರದು ಕಣೋ. ಆಟ ಕೆಟ್ಟುಹೋಗತ್ತೆ."

ಹೀಗೆ ಹದಿನೈದು ವರ್ಷ ನಡೆಯಿತು. ಅರಸರು ಬದಲಾದಂತೆಲ್ಲ ದೇಶದಲ್ಲಿ ಧರ್ಮ ಆಗಲೇ ಹಲವು ಸಲ ಹೊರಳಿತ್ತು. ಊರಿನ ಪಾದ್ರಿ ಒಂದೇ ಆಯುಸ್ಸಿನಲ್ಲಿ ಮೂರು ಬಾರಿ ನಂಬಿಕೆ ಬದಲಿಸಿದ್ದರು. ಮನೆಯನ್ನು ಮಾತ್ರ ಒಮ್ಮೆಯೂ ಬದಲಿಸಿರಲಿಲ್ಲ. ಒಂದು ವಸಂತದಲ್ಲಿ ಮೇಲಿನಿಂದ, ಬಿಷಪ್ಪರ ಕಚೇರಿಯಿಂದ, ಕಾಗದ ಬಂತು. ಅಡುಗೆಯವರ ಸಂಘದ ಯಜಮಾನ ಥರ್ಸ್ಟನ್ ಪಿಗಟ್ ಅದನ್ನು ಸಭೆಯಲ್ಲಿ ಓದಿಸಿದ. ತಂದೆ, ಸುತ, ಪವಿತ್ರಾತ್ಮ ಇವರಲ್ಲಿ ಯಾರ ವೇಷವನ್ನೂ ಇನ್ನು ಮುಂದೆ ಯಾರೂ ಕಟ್ಟಕೂಡದು; ಅದು ದೈವನಿಂದೆ.

ಬಾರ್ಟಲ್ ಮೆಲ್ಲಗೆ ತನ್ನ ಕೆನ್ನೆ ಮುಟ್ಟಿಕೊಂಡ.

"ಸೈತಾನನ ವಿಷಯ ಏನು ಬರ್ದಿದೆ, ಯಜಮಾನ್ರೇ?" ಎಂದ ಜರ್ವಿಸ್.

ಪಿಗಟ್ ಕಾಗದವನ್ನು ತಿರುಗಿಸಿ ನೋಡಿದ. "ಏನೂ ಬರ್ದಿಲ್ಲ."

"ಹಾಗಾದ್ರೆ ನಾನೊಬ್ಬ ಕಾನೂನಿಗೆ ಸರಿಯಾಗಿದೀನಿ."

ಆಟವನ್ನೇ ನಿಲ್ಲಿಸಿಬಿಡೋಣ ಎಂದವರಿದ್ದರು. ಆದರೆ ಪಿಗಟ್ ಅಪ್ಪಣೆಯನ್ನು ಅಕ್ಷರಕ್ಕೆ ಸರಿಯಾಗಿ ಪಾಲಿಸುವ ಮನುಷ್ಯ. ಕಾಗದ ಆಟವನ್ನು ನಿಲ್ಲಿಸಿ ಎಂದಿರಲಿಲ್ಲ. ದೇವರನ್ನು ಬಿಡಿ ಎಂದಿತ್ತು. ಅಕ್ಷರ ಬಲ್ಲವರೆಂದು ಲ್ಯಾಂಬರ್ಟ್ ಮೇಷ್ಟ್ರನ್ನು ಕರೆಸಿ, ಆಟದ ಹೊತ್ತಗೆಯನ್ನೂ ಮಸಿಯನ್ನೂ ಮುಂದಿಟ್ಟ. ಮೇಷ್ಟ್ರು ಎರಡು ದಿನ ಕುಳಿತು ದೇವರ ಮಾತುಗಳನ್ನೆಲ್ಲ ನೀಟಾಗಿ ಹೊಡೆದುಹಾಕಿದರು. ಉಳಿದ ಮಾತುಗಳ ವ್ಯಾಕರಣ ಸರಿಯಾಗಿಯೇ ಇತ್ತು.

"ಅಲ್ಲ ಮೇಷ್ಟ್ರೇ, ಬಾಗಿಲು ಬಡಿಯೋನೇ ಇಲ್ದಿದ್ರೆ ನಾನು ಯಾರಿಗೆ ಬಯ್ಯಲಿ? ಯಾರ ಕೈಲಿ ಸೋಲಲಿ?" ಎಂದು ಜರ್ವಿಸ್ ಕೇಳಿದ.

"ಯಜಮಾನರು ಹೇಳೋದು, ಬಾಗಿಲು ತಂತಾನೇ ತೆರೆದುಕೊಳ್ಳಲಿ ಅಂತ."

"ಮೂವತ್ತು ವರ್ಷದಿಂದ ನಾನು ಒದೀದೆ ಅದು ಒಂದು ದಿನ ತೆರ್ಕೊಂಡಿಲ್ಲ."

ಮೇಷ್ಟ್ರು ಲೇಖನಿಯನ್ನು ಒರೆಸಿಟ್ಟರು.

ಆ ವರ್ಷದ ಜೂನ್ ಹಬ್ಬವನ್ನು ನೋಡಿದವರು ಇಂದಿಗೂ ಮರೆತಿಲ್ಲ. ಮೊದಲ ಬಂಡಿಯಲ್ಲಿ ಲೋಕ ಯಾರ ಸಹಾಯವೂ ಇಲ್ಲದೆ ಹುಟ್ಟಿತು. ಎರಡನೆಯದರಲ್ಲಿ ನೋಹ ಯಾರೂ ಏನೂ ಹೇಳದೆಯೇ, ಒಳ್ಳೆಯ ಬಿಸಿಲಿನಲ್ಲಿ, ಹಡಗು ಕಟ್ಟತೊಡಗಿದ. ಅವನ ಹೆಂಡತಿ ಹುಚ್ಚು ಹಿಡಿದಿದೆಯೇ ಎಂದು ಬೈದಾಗ ಜನ ಮೊಟ್ಟಮೊದಲ ಬಾರಿಗೆ ಅವಳ ಪಕ್ಷ ವಹಿಸಿದರು. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು, ಎಲ್ಲವೂ ಕಾಗದದಂತೆಯೇ ನಡೆಯುತ್ತಿದೆಯೆಂದು ತಲೆದೂಗಿದರು. ಅವರ ನಡುವೆ ಬಿಷಪ್ಪರ ಕಚೇರಿಯಿಂದ ಬಂದ ಗುಮಾಸ್ತನೊಬ್ಬನೂ ಕುಳಿತಿದ್ದ.

ನರಕದ ಬಂಡಿ ಮಧ್ಯಾಹ್ನದ ಮೇಲೆ ಬಂತು. ಜರ್ವಿಸ್ ಕೊಂಬು ಅಲ್ಲಾಡಿಸಿ ಗರ್ಜಿಸಿದ. ಹೊಗೆ ಬಂತು. ಮುಚ್ಚಿದ ದವಡೆಯ ಹಲ್ಲುಗಳ ನಡುವೆ ಆದಮನ ಮುಖ ಕಾಣುತ್ತಿತ್ತು. ಆದಮನೆಂದರೆ ಬೋಟಿ ಬೇಯಿಸುವ ಮುದುಕ ಹಾಬ್. ಅವನಿಗೆ ದಮ್ಮಿನ ಕಾಯಿಲೆ. "ಯಾರು ಬಂದು ನಮ್ಮನ್ನು ಬಿಡಿಸುವರು?" ಎಂದು ಆದಮ ಕೇಳಿದ. ಪುಸ್ತಕದಲ್ಲಿ ಅದರ ಮುಂದಿನದು ದೇವರ ಮಾತು. ಅಲ್ಲಿ ಈಗ ಮೇಷ್ಟ್ರ ಗೆರೆಯಿತ್ತು. ಆದಮ ಮತ್ತೊಮ್ಮೆ ಕೇಳಿದ. ಬಾಗಿಲು ತಂತಾನೇ ತೆರೆದುಕೊಳ್ಳಲಿಲ್ಲ. ಮೂರನೆಯ ಸಲ ಕೇಳುವಾಗ ಹೊಗೆ ಗಂಟಲಿಗೆ ಹೋಗಿ ಅವನು ಕೆಮ್ಮಿದ್ದು ನಾಟಕವಾಗಿರಲಿಲ್ಲ.

ಗುಂಪಿನ ನಡುವೆ ಬಾರ್ಟಲ್ ಕ್ರೇನ್ ಬರಿ ಮುಖದಲ್ಲಿ, ಬಟಾಣಿಯ ಬುಟ್ಟಿ ಹಿಡಿದು ನಿಂತಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಅವನತ್ತ ತಿರುಗಿದರು.

"ಹೋಗು ಬಾರ್ಟಲಣ್ಣ," ಎಂದಳು ಒಬ್ಬ ಮುದುಕಿ. "ನಮ್ಮನೆಯವ್ರು ಹೋದ ವರ್ಷ ತೀರ್ಕೊಂಡ್ರು. ಅವರೂ ಒಳಗಿದ್ರೆ? ಹೋಗಿ ಬಾಗಿಲು ಬಡಿ."

ಜರ್ವಿಸ್ ಬಂಡಿಯ ಮೇಲಿನಿಂದ ಅವನನ್ನೇ ನೋಡಿದ. ಬಾರ್ಟಲ್ ಒಂದು ಹೆಜ್ಜೆ ಮುಂದಿಟ್ಟ. ಗುಮಾಸ್ತನ ಕಪ್ಪು ಟೋಪಿ ಕಣ್ಣಿಗೆ ಬಿತ್ತು. ಹೆಜ್ಜೆ ಹಿಂದಕ್ಕೆ ಹೋಯಿತು. ಅವನು ತಲೆಯಾಡಿಸಿ ಬುಟ್ಟಿಯತ್ತ ಬಗ್ಗಿದ.

ಆಗ ಜರ್ವಿಸ್ ತಾನಾಗಿಯೇ ಹಗ್ಗ ಎಳೆದು ಒದ್ದ. ದವಡೆ ತೆರೆಯಿತು. "ಹೊರಡಿ, ಹೊರಡಿ," ಎಂದ, ಸೈತಾನನ ಗಂಟಲಿನಲ್ಲಲ್ಲ, ಪೈ ಮಾರುವವನ ಗಂಟಲಿನಲ್ಲಿ. "ಮೇಲಿನೋನಿಗೆ ಬರೋಕೆ ಅಪ್ಪಣೆ ಇಲ್ವಂತೆ. ನಾನೇ ಬಿಡ್ತಾ ಇದೀನಿ. ಸಾಲಾಗಿ ಹೋಗಿ. ಹಾಬಣ್ಣ, ನೀನು ಮೊದಲು, ಸ್ವಲ್ಪ ನೀರು ಕುಡಿ."

ಜನ ಬಿದ್ದು ಬಿದ್ದು ನಕ್ಕರು. ಮುದುಕಿ ಅತ್ತಳು. ಎರಡೂ ಒಟ್ಟಿಗೆ ಆಗುವ ನಾಟಕ ಒಳ್ಳೆಯ ನಾಟಕವೆಂದು ಮೇಷ್ಟ್ರು ಅಂದು ತಿಳಿದುಕೊಂಡರು. ಯಾವ ರೋಮಿನವನೂ ಅವರಿಗೆ ಅದನ್ನು ಹೇಳಿರಲಿಲ್ಲ. ನಗದೆ ಇದ್ದವನು ಗುಮಾಸ್ತನೊಬ್ಬನೇ. ಸತ್ತವರಿಗೆ ಮೋಕ್ಷ ಕೊಟ್ಟವನು ಸೈತಾನ ಎಂದು ಅವನು ಬರೆದುಕೊಂಡ. ಕಂಡದ್ದನ್ನು ಕಂಡಂತೆ ಬರೆದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ತಿಂಗಳಲ್ಲಿ ಆಟದ ಹೊತ್ತಗೆಯನ್ನು ತಿದ್ದುಪಡಿಗೆಂದು ಕಚೇರಿಗೆ ತರಿಸಿಕೊಂಡರು. ಅದು ಈಗಲೂ ತಿದ್ದುಪಡಿಯಲ್ಲಿದೆ. ಎಷ್ಟು ಎಚ್ಚರದಿಂದ ತಿದ್ದುತ್ತಿದ್ದಾರೆಂದರೆ, ಕಳಿಸಿದವರಲ್ಲಿ ಅರ್ಧ ಜನ ಸತ್ತರೂ ಮುಗಿದಿಲ್ಲ. ಬಂಡಿಗಳು ಹೊಲಕ್ಕೆ ಗೊಬ್ಬರ ಹೊತ್ತವು. ಬಾರ್ಟಲ್ ಆರು ವರ್ಷಗಳ ಮೇಲೆ ತೀರಿಕೊಂಡಾಗ ಕಿವಿಯ ಹಿಂದೆ ಇನ್ನೂ ಒಂದಿಷ್ಟು ಚಿನ್ನದ ಬಣ್ಣ ಉಳಿದಿತ್ತಂತೆ. ಪಾದ್ರಿ ಉಜ್ಜಿ ತೊಳೆಸಿ ಹೂಳಿಸಿದರು. ಕಿವಿಯ ಹಿಂದೆ ದೈವನಿಂದೆ ಇಟ್ಟುಕೊಂಡು ಮೇಲೆ ಹೋಗುವುದು ತರವಲ್ಲವಲ್ಲ.

ನರಕದ ಬಾಯಿಯನ್ನು ಇಟ್ಟಿದ್ದ ಕೊಟ್ಟಿಗೆ ಪಿಗಟ್‌ಗೆ ಬಾರ್ಲಿ ತುಂಬಲು ಬೇಕಾಯಿತು. ಕೊಡಲಿ ಹಿಡಿದು ಬಂದವರೆದುರು ಜರ್ವಿಸ್ ಅಡ್ಡ ನಿಂತ.

"ಬಿಡೋ ಮಾರಾಯ," ಎಂದ ಪಿಗಟ್. "ನಿನ್ನ ನಾಲಿಗೆಯಿಂದಲೇ ಆಟ ನಿಂತಿದ್ದು. ಇನ್ನು ಈ ಬುರುಡೆ ಯಾಕೆ?"

ಆಟ ನಿಂತದ್ದು ತನ್ನಿಂದಲೇ ಎಂದು ಊರಿಗಿಂತ ಮೊದಲು ಜರ್ವಿಸ್‌ಗೇ ಗೊತ್ತಿತ್ತು. ಅವತ್ತು ಹಾಬನನ್ನು ಒಳಗೇ ಕೆಮ್ಮಲು ಬಿಟ್ಟಿದ್ದರೆ ಮುಂದಿನ ವರ್ಷವೂ ಹಬ್ಬವಿರುತ್ತಿತ್ತೋ ಏನೋ. ಒಟ್ಟಿನಲ್ಲಿ ಆ ಬಾಯಿ ಇನ್ನೊಮ್ಮೆ ಜನರ ಮುಂದೆ ತೆರೆಯಬೇಕು, ತಾನೇ ತೆರೆಯಬೇಕು. ಅಷ್ಟಾಗದೆ ಸಾಯುವುದು ಅವನಿಗೆ ಬೇಡವಾಗಿತ್ತು. ಮೃಗದ ತಲೆಯನ್ನು ಮನೆಗೆ ಹೊತ್ತುಕೊಂಡು ಹೋದ. ಬಾಗಿಲಲ್ಲಿ ಹಿಡಿಸದೆ, ಅಂಗಡಿಯ ಒಲೆಯ ಸುತ್ತ ನಿಲ್ಲಿಸಿದ.

"ಮನೇಲಿ ಒಂದು ಸೈತಾನ ಸಾಲ್ದು ಅಂತ ನರಕಾನೂ ತಂದ್ಯಾ?" ಎಂದಳು ಅವನ ಹೆಂಡತಿ ಸಿಸ್ಲಿ.

"ಪೈ ಬೆಚ್ಚಗಿರತ್ತೆ ಕಣೆ."

ಪೈ ಬೆಚ್ಚಗಿತ್ತು. ಮೃಗದ ಹಲ್ಲಿನ ನಡುವಿನಿಂದ ಹಲಗೆಯ ಮೇಲೆ ಹೊರಬರುವ ಪೈಗೆ ಜನ ಮುಗಿಬಿದ್ದರು. ದೈವಭಕ್ತಿ ಹೆಚ್ಚಿದ್ದ ಹೊಸ ಪಾದ್ರಿ ಕೂಡ ಭಾನುವಾರದ ಪ್ರಸಂಗದಲ್ಲಿ ನರಕದ ಬಗ್ಗೆ ಗುಡುಗಿ, ಸೋಮವಾರ ಅಲ್ಲಿಂದಲೇ ಎರಡು ತರಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಲಂಡನ್ನಿನಿಂದ ನಟರು ಬಂದರು. ಆರು ಜನ, ಪ್ರಭುವೊಬ್ಬರ ಚಿಹ್ನೆ ಹೊಲಿದ ನೀಲಿ ಅಂಗಿ, ಕೈಯಲ್ಲಿ ಅಪ್ಪಣೆಯ ಚೀಟಿ. ಆ ಅಂಗಿಯಿಲ್ಲದಿದ್ದರೆ ಅವರನ್ನು ತಿರುಕರೆಂದು ಹಿಡಿದು ಚಾವಟಿಯಲ್ಲಿ ಹೊಡೆಯುತ್ತಿದ್ದರು. ಅಂಗಿಯಿದ್ದುದರಿಂದ ನಗರಸಭೆಯವರು ಎದ್ದು ನಿಂತರು. ಊರಿನವರು ಪುಕ್ಕಟೆಯಾಗಿ ಆಡಿದರೆ ದೈವನಿಂದೆ, ಹೊರಗಿನವರು ಬಾಗಿಲಲ್ಲಿ ಕಾಸು ತೆಗೆದುಕೊಂಡು ಆಡಿದರೆ ಕಲೆ. ಛತ್ರದ ಅಂಗಳದಲ್ಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿ, ದೇಶಗಳನ್ನು ನುಂಗುವ ರಾಜನೊಬ್ಬನ ಆಟ ಆಡಿದರು. ಮಾತು ಕುದುರೆಯ ಓಟದ ಹಾಗಿತ್ತು. ಜರ್ವಿಸ್ ಬಾಯಿ ತೆರೆದು ನೋಡಿದ. ಆದರೆ ರಾಜ ಸತ್ತು ಬಿದ್ದಾಗ ಮೂಗು ಮುರಿದ.

"ಬೀಳೋಕೆ ಬರಲ್ಲ. ಸಾಯೋವಾಗ ಕೈ ಊರಿದ," ಎಂದ.

ಮರುದಿನ ಆ ರಾಜನೇ ಪೈ ಕೊಳ್ಳಲು ಬಂದ. ಫೆನ್ ಎಂದು ಹೆಸರು, ತಂಡದ ಮುಖ್ಯಸ್ಥ. ಒಲೆಯ ಮುಂದೆ ನಿಂತವನು ಪೈ ಮರೆತ.

"ಯಜಮಾನ್ರೇ, ಇದನ್ನ ಕೊಡ್ತೀರಾ? ಲಂಡನ್ನಲ್ಲಿ ನಮ್ದೇ ನಾಟಕಶಾಲೆ ಇದೆ. ಮರದ್ದು, ದುಂಡಗೆ. ಈಗ ಸೈತಾನನ ಆಟಕ್ಕೆ ಜನ ಸಾಯ್ತಾರೆ. ಬಾಯಿ ಮಾತ್ರ ಇಂಥದ್ದು ಎಲ್ಲೂ ಇಲ್ಲ."

"ತೆರೆದು ನೋಡಿ," ಎಂದ ಜರ್ವಿಸ್.

ಫೆನ್ ಎಡಗಡೆಯ ಹಗ್ಗ ಎಳೆದ. ದವಡೆ ಅರ್ಧಕ್ಕೆ ನಿಂತಿತು. ಬಲಗಡೆಯದನ್ನು ಎಳೆದ. ಮೃಗ ಓರೆಯಾಗಿ ನಕ್ಕಿತು. ಬೆವರು ಒರೆಸಿಕೊಂಡ.

"ಇದು ಒಬ್ಬನ ಮಾತು ಮಾತ್ರ ಕೇಳತ್ತೆ," ಎಂದಳು ಸಿಸ್ಲಿ ಹಿಟ್ಟು ನಾದುತ್ತ. "ಬೇಕು ಅಂದ್ರೆ ಆ ಮುದುಕನ್ನೂ ಸೇರಿಸಿ ತಗೊಂಡು ಹೋಗಬೇಕು. ಮುದುಕನ ಜೊತೆ ನಾನೂ ಬರ್ತೀನಿ. ನರಕಕ್ಕೆ ಹೋಗು ಅಂತ ಮೂವತ್ತು ವರ್ಷದಿಂದ ಹೇಳ್ತಿದ್ದೆ, ಈಗ ದಾರಿ ಗೊತ್ತಾಯ್ತು."

ಹೀಗೆ ಅರವತ್ತರ ಹೊಸ್ತಿಲಲ್ಲಿ ಜರ್ವಿಸ್ ಹಾಲ್ಡನ್ ಲಂಡನ್ನಿಗೆ ಹೊರಟ. ಸೈತಾನನ ಪಾತ್ರ ತನಗೇ ಸಿಗುವುದೆಂದು ದಾರಿಯುದ್ದಕ್ಕೂ ಗರ್ಜನೆ ಅಭ್ಯಾಸ ಮಾಡಿದ; ಎರಡು ಹಳ್ಳಿಗಳಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದವು. ನಾಟಕಶಾಲೆಯಲ್ಲಿ ತಂಡದವರು ಸುತ್ತ ಕುಳಿತು ಅವನ ಗರ್ಜನೆ ಕೇಳಿದರು. ಯಾರೋ ಕೆಮ್ಮಿದರು. ಯಾರೋ ನಕ್ಕರು.

"ಚೆನ್ನಾಗಿದೆ, ಅಜ್ಜ," ಎಂದ ಫೆನ್, ನೋಯಿಸಲು ಮನಸ್ಸಿಲ್ಲದೆ. "ಆದ್ರೆ ಈಗಿನ ಸೈತಾನ ಕೂಗಲ್ಲ. ಓದಿದವನು. ಮೆತ್ತಗೆ, ವಾದ ಮಾಡಿ ಕರ್ಕೊಂಡು ಹೋಗ್ತಾನೆ."

"ಬಾಲ?"

"ಬಾಲ ಇಲ್ಲ."

"ಬೀಳೋದು?"

"ಬೀಳಲ್ಲ ಅಜ್ಜ. ಅವನೇ ಗೆಲ್ತಾನೆ."

"ನಮ್ಮೂರಲ್ಲಿ ಒಂದೇ ಒಂದು ಸಲ ಸೈತಾನ ಗೆದ್ದ. ಅದಕ್ಕೆ ಆಟಾನೇ ನಿಲ್ಸಿದ್ರು," ಎಂದ ಜರ್ವಿಸ್. ಆಮೇಲೆ ಹಗ್ಗ ಎಲ್ಲಿ ಕಟ್ಟಬೇಕೆಂದು ಕೇಳಿದ.

ಶಾಲೆಯಿಂದ ನಿವೃತ್ತರಾದ ಮೇಲೆ ಲ್ಯಾಂಬರ್ಟ್ ಮೇಷ್ಟ್ರು ಒಮ್ಮೆ ಅವನನ್ನು ಹುಡುಕಿಕೊಂಡು ಲಂಡನ್ನಿಗೆ ಹೋದರು. ನಾಟಕಶಾಲೆಯ ಬಾಗಿಲಲ್ಲಿ ಸಿಸ್ಲಿ ಪೈ ಮಾರುತ್ತಿದ್ದಳು. ಗುರುತು ಹಿಡಿದು ಎರಡು ಕೊಟ್ಟಳು. "ಕೆಳಗಿದಾನೆ ಮೇಷ್ಟ್ರೇ. ನೀವು ಗೆರೆ ಎಳೆದವರು ಅಂತ ಬಯ್ತಾನೆ, ಮನಸ್ಸಿಗೆ ಹಚ್ಕೋಬೇಡಿ. ನೀವು ಬರ್ತೀರಾ ಅಂತ ಹತ್ತು ವರ್ಷದಿಂದ ಕಾಯ್ತಿದಾನೆ."

ಜರ್ವಿಸ್ ಬಯ್ಯಲಿಲ್ಲ. ರಂಗದ ಹಲಗೆಗಳ ಕೆಳಗೆ, ಮಂಡಿಯೂರಿ ಕೂರುವಷ್ಟೇ ಎತ್ತರದ ಜಾಗದಲ್ಲಿ, ಹಗ್ಗದ ತುದಿ ಹಿಡಿದು ಕುಳಿತಿದ್ದ. ಮೇಷ್ಟ್ರನ್ನು ಪಕ್ಕಕ್ಕೆ ಕೂರಿಸಿಕೊಂಡ.

"ಚರ್ಚಲ್ಲಿ ಹುಟ್ತು, ಅಂಗಳಕ್ಕೆ ಬಿತ್ತು, ಬೀದೀಲಿ ಬೆಳೀತು, ಛತ್ರದಲ್ಲಿ ಮಲಗ್ತು. ಈಗ ನೋಡಿ, ಸ್ವಂತ ಮನೆ ಕಟ್ಟಿಸ್ಕೊಂಡಿದೆ," ಎಂದ. "ಮೇಲೆ ರಾಜರಿದಾರೆ, ದೆವ್ವಗಳಿವೆ, ಹೆಂಗಸರ ವೇಷದಲ್ಲಿ ಅಳೋ ಹುಡುಗರಿದಾರೆ. ಅಪ್ಪಣೆ ಮಾತ್ರ ಇಲ್ಲೂ ಅದೇ, ದೇವರು ಬರೋ ಹಾಗಿಲ್ಲ. ಪಾಪಿಗಳನ್ನ ಒಳಗೆ ಎಳ್ಕೊಂಡು ಬರ್ತಾರೆ, ನಾನು ಬಾಯಿ ಮುಚ್ತೀನಿ, ಜನ ಚಪ್ಪಾಳೆ ತಟ್ತಾರೆ. ಬಿಡಿಸೋಕೆ ಯಾರೂ ಬರಲ್ಲ."

ಈಗ ಅವನಿಗೆ ಎಪ್ಪತ್ತು ದಾಟಿದೆ. ಯಾವ ನಾಟಕದಲ್ಲಿಯೂ ಅವನ ಮುಖ ಕಾಣುವುದಿಲ್ಲ. ಅವನ ಬಲಗಾಲಿನ ಒದೆ ಮಾತ್ರ ಲಂಡನ್ನಿನಲ್ಲೆಲ್ಲ ಹೆಸರಾಗಿದೆ. ಅದನ್ನು ಗುಡುಗು ಎಂದು ತಿಳಿದಿದ್ದಾರೆ. ಮಧ್ಯಾಹ್ನ ಎರಡಕ್ಕೆ ಬಾವುಟ ಏರುತ್ತದೆ, ಮೂರು ಸಲ ಕಹಳೆ ಊದುತ್ತಾರೆ, ಅವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾನೆ. ಆಟ ಮುಗಿದು ಜನ ಚದುರಿ, ಅಂಗಳದಲ್ಲಿ ಕಡಲೆಕಾಯಿಯಂತೆ ಹರಡಿದ ಹೇಸಲ್ ಬೀಜದ ಸಿಪ್ಪೆ ಗುಡಿಸುವ ಹೊತ್ತಿಗೆ, ನರಕಕ್ಕೆ ಬಿದ್ದ ಪಾಪಿಗಳೆಲ್ಲ ವೇಷದಲ್ಲೇ ಹಲಗೆಯಡಿ ಒತ್ತಾಗಿ ಕುಳಿತಿರುತ್ತಾರೆ. ಹೊರಹೋಗಲು ಹಿಂಬಾಗಿಲಿದೆ. ಆದರೂ ಜರ್ವಿಸ್ ಬಿಡುವುದಿಲ್ಲ. ಎಡಗಡೆಯ ಹಗ್ಗ ಎಳೆದು ಇನ್ನೊಂದು ಸಲ ಒದೆಯುತ್ತಾನೆ. ಖಾಲಿ ನಾಟಕಶಾಲೆಯ ಮುಂದೆ ಬಾಯಿ ಪೂರ್ತಿ ತೆರೆಯುತ್ತದೆ.

"ಸಾಲಾಗಿ ಹೋಗಿ, ನೂಕಬೇಡಿ," ಎನ್ನುತ್ತಾನೆ. "ದಮ್ಮಿನ ಕಾಯಿಲೆ ಇರೋರು ಮೊದಲು."